ಲಿಂಗಯ್ಯನ ಬಂಧನ ಖಂಡಿಸಿ

ಕಿರುಗಾವಲಿನ ಲಿಂಗಯ್ಯ ಮೂವತ್ತೊಂದು ವರ್ಷ ನೀರುಗಂಟಿಯಾಗಿದ್ದವನು. ನಾಲೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ಬದುವಿನ ಮೇಲೆ ನಿಂತು ಬಿಡುವ ಕೆಲಸ. ನಿವೃತ್ತಿಯಾದ ವಾರದಲ್ಲೇ ಮಗಳು ಅರ್ಪಿತ ಒಂದು ಸ್ಮಾರ್ಟ್‌ಫೋನ್ ಕೊಡಿಸಿದಳು. ಆರು ತಿಂಗಳು ಕಳೆಯುವುದರೊಳಗೆ ಅವನು ಹದಿನಾಲ್ಕು ವಾಟ್ಸಾಪ್ ಗುಂಪುಗಳಲ್ಲಿದ್ದ. ಇನ್ನೂರ ಹನ್ನೆರಡು ಜನರಿದ್ದ ‘ಕಿರುಗಾವಲು ಜಾಗೃತಿ ಬಳಗ’ಕ್ಕಂತೂ ಇಬ್ಬರು ಅಡ್ಮಿನ್‌ಗಳಲ್ಲಿ ಅವನೂ ಒಬ್ಬ. ಇಲಾಖೆ ಇಡೀ ಜೀವಮಾನದಲ್ಲಿ ಕೊಡದಿದ್ದ ಬಡ್ತಿ ಅದು.

ಬೆಳಿಗ್ಗೆ ಎದ್ದವನು ಬಂದದ್ದನ್ನು ಬಂದ ಹಾಗೆ ಮುಂದಕ್ಕೆ ಬಿಡುತ್ತಿದ್ದ. ಹೆಚ್ಚು ಓಡಾಡಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಬರುವುದು ಎಂದು ಕಂಪನಿಯವರು ನಿಯಮ ಮಾಡಿದ ಮೇಲೂ ಅವನು ಬೇಸರಪಡಲಿಲ್ಲ; ಹದಿನಾಲ್ಕು ಸಲ ಒತ್ತಿ ಹದಿನಾಲ್ಕು ಗುಂಪಿಗೂ ಸಮನಾಗಿ ಹಂಚುತ್ತಿದ್ದ. ಓದುವ ಅಭ್ಯಾಸ ಮಾತ್ರ ಇರಲಿಲ್ಲ. ಮೊದಲ ಸಾಲಿನಲ್ಲಿ ‘ಎಚ್ಚರ’ ಅಂತಲೋ ‘ವೈದ್ಯರು ಮುಚ್ಚಿಟ್ಟ ಸತ್ಯ’ ಅಂತಲೋ ಇದ್ದರೆ ಸಾಕು.

“ಎಲ್ಲಾನೂ ಓದ್ಕಂಡ್ ಕೂತ್ರೆ ಕಳ್ಸೋದ್ಯಾವಾಗ?” ಎಂದು ಹೆಂಡತಿ ಇಂದ್ರಮ್ಮನನ್ನು ಕೇಳುತ್ತಿದ್ದ.

ಇಂದ್ರಮ್ಮ ಈ ಜಾಗೃತಿಯನ್ನು ಅಡುಗೆಮನೆಯಲ್ಲಿ ಅನುಭವಿಸಿದವಳು. ಒಂದು ತಿಂಗಳು ಆ ಮನೆಯಲ್ಲಿ ಉಪ್ಪು ವಿಷವಾಗಿತ್ತು. ಮರುತಿಂಗಳು ಎದ್ದ ಕೂಡಲೇ ಉಪ್ಪುನೀರು ಕುಡಿಯುವುದು ಕಡ್ಡಾಯವಾಯಿತು. ಮಂಡಿನೋವಿಗೆಂದು ಎಕ್ಕದ ಎಲೆ ಕಟ್ಟಿಕೊಂಡು ಬೊಬ್ಬೆ ಬಂದ ಮೇಲೆ ಅವಳು, “ಇನ್ಮೇಲೆ ಆ ಡಬ್ಬ ಏನಾದ್ರೂ ಯೋಳುದ್ರೆ ಮೊದ್ಲು ನೀವ್ ಮಾಡ್ಕಳಿ, ಬದುಕಿದ್ರೆ ನಂಗ್ ಯೋಳಿ” ಎಂದುಬಿಟ್ಟಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಲಿಂಗಯ್ಯ ಬಲಗೈಯಲ್ಲಿ ಎಮ್ಮೆಗೆ ಬೂಸಾ ಕಲೆಸುತ್ತ, ಎಡಗೈಯಲ್ಲಿ ಒಂದು ಸಂದೇಶವನ್ನು ಹಂಚುತ್ತಿದ್ದ. ಹದಿನಾಲ್ಕನೆಯ ಗುಂಪಿಗೆ ಕಳಿಸಿ ಮುಗಿಸಿದನೋ ಇಲ್ಲವೋ, ಎಮ್ಮೆ ತಲೆ ಒದರಿತು, ಫೋನು ಸೀದಾ ಕಲಗಚ್ಚಿನ ಬಾನಿಗೆ ಬಿತ್ತು. ತೆಗೆದು ಪಂಚೆಯಲ್ಲಿ ಒರೆಸಿದ. ಪರದೆಯ ಮೇಲೆ ನಾಲ್ಕು ಬಿಳಿ ಗೆರೆ ಮೂಡಿದವು, ಮತ್ತೇನೂ ಕಾಣಲಿಲ್ಲ.

ಫೋನು ಕೆಟ್ಟರೆ ಹೋಗುವುದೆಲ್ಲಿಗೆಂದು ಯೋಚಿಸುವ ಅಗತ್ಯ ಲಿಂಗಯ್ಯನಿಗಿರಲಿಲ್ಲ. ಬಸ್ ಸ್ಟಾಪಿನ ಎದುರಿಗೇ ಅಫ್ಸರ್ ಪಾಷಾನ ‘ಪಾಷಾ ಮೊಬೈಲ್ ಕೇರ್’. ಪಾಷಾ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ, ಆಮೇಲೆ ಟೀವಿ, ಈಗ ಮೊಬೈಲು. ಲಿಂಗಯ್ಯನ ಮನೆಯ ರೇಡಿಯೋ, ಟೀವಿ, ಮೊಬೈಲು ಮೂರನ್ನೂ ಬಿಚ್ಚಿ ಜೋಡಿಸಿದವನು. ಲಿಂಗಯ್ಯ ಅಂಗಡಿಯ ಗಾಜಿನ ಮೇಜಿನ ಮೇಲೆ ಫೋನಿಟ್ಟ. ಪಾಷಾ ಅದನ್ನು ಮುಟ್ಟಲಿಲ್ಲ.

“ಲಿಂಗಣ್ಣ, ಈ ಅಂಗ್ಡಿಗೆ ನೀವು ಬರಂಗಿಲ್ವಲ್ಲ.”

“ಯಾಕ್ಲಾ, ಬಾಕ್ಲಾಕ್ತಾ ಇದ್ದೀಯಾ?”

“ನಾನಲ್ಲ. ನೀವು ಆಕುಸ್ತಾ ಇರೋದು.”

ಪಾಷಾ ತನ್ನ ಫೋನನ್ನು ತಿರುಗಿಸಿ ತೋರಿಸಿದ. ಇಬ್ಬರೂ ಇದ್ದ ‘ಹಳೇ ಗೆಳೆಯರು’ ಗುಂಪು. ಬೆಳಿಗ್ಗೆ ಏಳು ಹತ್ತಕ್ಕೆ ಲಿಂಗಯ್ಯ ಕಳಿಸಿದ ಸಂದೇಶ. ‘ಎಚ್ಚರ! ಎಚ್ಚರ! ಎಚ್ಚರ!’ ಎಂದು ಶುರುವಾಗಿತ್ತು. ಈ ಕೆಳಗಿನ ಅಂಗಡಿಗಳಿಗೆ ಫೋನು ಕೊಟ್ಟರೆ ಒಳಗೊಂದು ಚಿಪ್ಪು ಕೂರಿಸಿ ನಿಮ್ಮ ಮನೆಯ ಮಾತನ್ನೆಲ್ಲ ಕದಿಯುತ್ತಾರೆ, ನಮ್ಮವರ ಅಂಗಡಿಗೇ ಹೋಗಿ, ಸಂಜೆಯೊಳಗೆ ಹತ್ತು ಜನಕ್ಕೆ ಕಳಿಸಿ ಎಂದಿತ್ತು. ಕೆಳಗೆ ಐದು ಅಂಗಡಿಗಳ ಹೆಸರು, ಐದೂ ಮುಸ್ಲಿಮರವು. ಮೂರನೆಯದು ಪಾಷಾ ಮೊಬೈಲ್ ಕೇರ್, ಬಸ್ ಸ್ಟಾಪ್ ಎದುರು, ಕಿರುಗಾವಲು.

ಲಿಂಗಯ್ಯ ಪೂರ್ತಿ ಓದಿದ. ಫೋನು ಬಂದ ಮೇಲೆ ಅವನು ಒಂದು ಸಂದೇಶವನ್ನು ಕೊನೆಯವರೆಗೆ ಓದಿದ್ದು ಅದೇ ಮೊದಲು.

“ಇದು ನಿನ್ ಬಗ್ಗೆ ಅಲ್ಲ ಕಣ್ಲಾ,” ಎಂದ.

“ನನ್ ಫೋನ್ ನಂಬರೂ ಅದೆ.”

“ಯಾರೋ ಕಣ್ತಪ್ಪಿ ಆಕವ್ರೆ. ಪಾಷಾ ಅನ್ನೋರು ಊರ್ ತುಂಬ ಅವ್ರೆ.”

“ಬಸ್ ಸ್ಟಾಪ್ ಎದ್ರುಗೆ ನಾನೊಬ್ನೇ.”

“ಅಲ್ಲ ಕಣ್ಲಾ, ನಾನೇನ್ ಬರುದ್ನಾ ಇದ್ನ? ಬಂತು, ಕಳ್ಸುದೆ. ಪೋಸ್ಟ್‌ಮ್ಯಾನು ಕಾಗ್ದ ಒಡ್ದು ಓದ್ತಾನಾ?”

“ಪೋಸ್ಟ್‌ಮ್ಯಾನು ಒಂದ್ ಕಾಗ್ದವ ಹದಿನಾಲ್ಕ್ ಮನೆಗೆ ಆಕಾಕಿಲ್ಲ ಅಣ್ಣ.”

ಲಿಂಗಯ್ಯನ ಕಿವಿ ಬಿಸಿಯಾಯಿತು. ತಪ್ಪಾಯಿತು ಎನ್ನಬಹುದಾಗಿತ್ತು. ಆ ಮಾತು ನಾಲಿಗೆಯವರೆಗೂ ಬಂದಿತ್ತು. ಆದರೆ ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತು ಕೇಳಿಸಿಕೊಳ್ಳುತ್ತಿದ್ದರು, ಅವರಲ್ಲೊಬ್ಬ ಜಾಗೃತಿ ಬಳಗದವನು. ಹಾಗಾಗಿ ಲಿಂಗಯ್ಯ ಸಿಟ್ಟಾದ.

“ಮೂವತ್ತ್ ವರ್ಸದ್ ಗಿರಾಕಿ ಕಣ್ಲಾ ನಾನು! ನನ್ ಫೋನ್ ಮುಟ್ಟಾಕಿಲ್ವಾ ನೀನು?”

“ಮಳವಳ್ಳಿಗೋಗಿ ಅಣ್ಣ. ‘ನಮ್ಮವರ ಅಂಗಡಿ’ ಅಂತ ಆಕಿದ್ದೀರಲ್ಲ,” ಎಂದ ಪಾಷಾ. ದನಿ ಎತ್ತಲಿಲ್ಲ. ಅವನು ದನಿ ಎತ್ತಿದ್ದರೆ ಲಿಂಗಯ್ಯನಿಗೆ ಸಮಾಧಾನವಾಗುತ್ತಿತ್ತು.

ಮಳವಳ್ಳಿಯಲ್ಲಿ ಅಂಬರೀಶನ ಅಂಗಡಿ ಮದುವೆ ಮನೆಯ ಹಾಗೆ ದೀಪ ಹಾಕಿಕೊಂಡಿತ್ತು. ಗೋಡೆಯ ತುಂಬ ಬಣ್ಣಬಣ್ಣದ ಕವರು. ‘ಎಲ್ಲಾ ತರಹದ ರಿಪೇರಿ ಮಾಡಲಾಗುವುದು’ ಎಂದು ಬೋರ್ಡು. ಅಂಬರೀಶ ಫೋನನ್ನು ಮೂಸಿ ನೋಡಿ ಮುಖ ಕಿವಿಚಿದ.

“ಏನಣ್ಣ, ಬೂಸಾ ವಾಸ್ನೆ?”

“ಎಮ್ಮೆ ಬೀಳ್ಸ್ತು ಕಣಪ್ಪ.”

“ಬುಟ್ಟೋಗಿ. ನಾಡಿದ್ದು ಬನ್ನಿ. ಲಾಕ್ ನಂಬರ್ ಬರ್ದುಬುಡಿ.”

ಲಿಂಗಯ್ಯ 1234 ಎಂದು ಚೀಟಿಯಲ್ಲಿ ಬರೆದುಕೊಟ್ಟು ಬಸ್ಸು ಹಿಡಿದ. ಅವನಿಗೆ ಗೊತ್ತಿಲ್ಲದಿದ್ದ ಸಂಗತಿ ಏನೆಂದರೆ, ಅಂಬರೀಶನಿಗೆ ಕವರು ಮಾರುವುದು, ಗಾಜು ಅಂಟಿಸುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಬಿಚ್ಚಿ ನೋಡಬೇಕಾದ ಫೋನುಗಳನ್ನೆಲ್ಲ ಅವನು ನಾಲ್ಕು ವರ್ಷದಿಂದ ಕಿರುಗಾವಲಿನ ಪಾಷಾನಿಗೇ ಕಳಿಸುತ್ತಿದ್ದ. ಲಿಂಗಯ್ಯ ಹತ್ತಿದ ಬಸ್ಸಿನಲ್ಲೇ, ಡ್ರೈವರಿನ ಪಕ್ಕದ ಕೊಕ್ಕೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ, ಆ ಚೀಟಿಯ ಸಮೇತ, ಅವನ ಫೋನೂ ಊರಿಗೆ ಹೊರಟಿತ್ತು. ಮುಂದಿನ ಸೀಟಿನಲ್ಲಿ ಕೂತಿದ್ದ ಲಿಂಗಯ್ಯನ ಮೂಗಿನ ನೇರಕ್ಕೆ ಆ ಚೀಲ ದಾರಿಯುದ್ದಕ್ಕೂ ತೂಗಾಡಿತು. ಎಲ್ಲಿಂದಲೋ ಬೂಸಾ ವಾಸನೆ ಬರುತ್ತಿದೆ ಎಂದು ಅವನು ಎರಡು ಸಲ ತನ್ನ ಕೈಯನ್ನೇ ಮೂಸಿಕೊಂಡ.

ಚೀಲ ಬಿಚ್ಚಿದ ಪಾಷಾನಿಗೆ ಫೋನಿನ ಗುರುತು ಸಿಕ್ಕಿತು. ಸ್ವಲ್ಪ ಹೊತ್ತು ಅದನ್ನು ನೋಡುತ್ತ ಕೂತ. ಆಮೇಲೆ ಸ್ಕ್ರೂ ಬಿಚ್ಚಿದ. ಮೈಕಿನ ತೂತಿನಿಂದ ಹಿಂಡಿಯ ಚೂರು ತೆಗೆದ, ಒಳಗೆಲ್ಲ ಬ್ರಷ್ಷಾಡಿಸಿದ, ಬೇರೆ ಡಿಸ್‌ಪ್ಲೇ ಹಾಕಿದ. ಮಂಗಳವಾರ ಬೆಳಿಗ್ಗೆ ಹೊತ್ತಿಗೆ ಫೋನು ಹೊಸದರಂತೆ ಬೆಳಗಿತು. ಬೆರಳು ಮುಟ್ಟಿದಲ್ಲೆಲ್ಲ ಓಡುತ್ತದೆಯೇ ಎಂದು ಪರೀಕ್ಷಿಸುವಾಗ ವಾಟ್ಸಾಪ್ ತೆರೆಯಿತು. ಹದಿನಾಲ್ಕು ಗುಂಪು, ಹದಿನಾಲ್ಕರಲ್ಲೂ ಅವನ ಅಂಗಡಿಯ ಹೆಸರು.

ಗಿರಾಕಿಯ ಫೋನಿನ ಒಳಗಿನದನ್ನು ಪಾಷಾ ಎಂದೂ ನೋಡಿದವನಲ್ಲ. ಆ ದಿನ ನೋಡಿದ. ಒಂದೊಂದೇ ಗುಂಪಿಗೆ ಹೋಗಿ, ಸಂದೇಶವನ್ನು ಒತ್ತಿ ಹಿಡಿದು, ಎಲ್ಲರಿಗೂ ಅಳಿಸಿಹೋಗುವ ಹಾಗೆ ಹದಿನಾಲ್ಕು ಸಲ ಅಳಿಸಿದ. ಫೋನನ್ನು ಆಫ್ ಮಾಡಿ, ಕಾಗದ ಸುತ್ತಿ, ಹತ್ತೂವರೆ ಬಸ್ಸಿನಲ್ಲಿ ಮಳವಳ್ಳಿಗೆ ಕಳಿಸಿಕೊಟ್ಟ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಒಂದು ಟೀ ತರಿಸಿ ಕುಡಿದ.

ಲಿಂಗಯ್ಯ ಕಳಿಸಿದ್ದನ್ನು ಆ ಹದಿನಾಲ್ಕು ಗುಂಪುಗಳಲ್ಲಿ ಅಂದಿನವರೆಗೂ ಓದುತ್ತಿದ್ದವರು ಕಡಿಮೆ. ಈಗ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಕಂಡದ್ದೇ ಎಲ್ಲರೂ ಎದ್ದು ಕೂತರು. ಲಿಂಗಣ್ಣ ಏನು ಅಳಿಸಿದರು? ಒಂದು ಗುಂಪಲ್ಲ, ಎಲ್ಲ ಗುಂಪಿನಲ್ಲೂ ಅಳಿಸಿದ್ದಾರೆ. ಅವರಾಗಿ ಅಳಿಸುವವರಲ್ಲ, ಯಾರೋ ಅಳಿಸಿಸಿದ್ದಾರೆ. ಫೋನು ಸ್ವಿಚ್ ಆಫ್. ಮೇಲಿನವರ ಕೈವಾಡ. ಮಧ್ಯಾಹ್ನದ ಹೊತ್ತಿಗೆ ಲಿಂಗಯ್ಯನನ್ನು ಜೀಪಿನಲ್ಲಿ ಕೂರಿಸಿದ್ದನ್ನು ಕಣ್ಣಾರೆ ಕಂಡವರು ಇಬ್ಬರಿದ್ದರು. ನಾಲ್ಕು ಗಂಟೆಗೆ ಕೆಂಪು ಅಕ್ಷರದಲ್ಲಿ, ‘ಸತ್ಯ ಹೇಳಿದ ಲಿಂಗಯ್ಯ ಬಂಧನ! ಎಲ್ಲರಿಗೂ ತಲುಪಿಸಿ’ ಎಂದು ಬಂತು. ಎಲ್ಲರೂ ಎಲ್ಲರಿಗೂ ತಲುಪಿಸಿದರು.

ಲಿಂಗಯ್ಯ ಮನೆಯ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ಹಿಂದಿನ ಬೀದಿಯ ಮಂಚಮ್ಮ ಬಂದು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

“ಯಾವಾಗ್ ಬುಟ್ರಣ್ಣ?”

“ಯಾರು?”

“ಪೊಲೀಸ್ನೋರು. ಒಡುದ್ರಾ?”

“ನನ್ನ್ಯಾಕವ್ವ ಒಡೀತಾರೆ? ನಾನೆಲ್ಲೂ ಓಗಿಲ್ಲ.”

“ಅಯ್ಯೋ ಪಾಪ, ಯೋಳ್ಬ್ಯಾಡಿ ಅಂತ ಎದ್ರಿಸವ್ರೆ,” ಎಂದು ಮಂಚಮ್ಮ ಒಳಗೆ ಇಂದ್ರಮ್ಮನನ್ನು ಸಂತೈಸಲು ಹೋದಳು.

ಕತ್ತಲಾಗುವ ಮುಂಚೆ ಹತ್ತಾರು ಜನ ಬಂದುಹೋದರು. ಕೆಲವರು ಬಾಳೆಹಣ್ಣು ತಂದಿದ್ದರು. ಜಗುಲಿಯಲ್ಲಿ ಕೂತ ಲಿಂಗಯ್ಯನನ್ನು ನೋಡಿ, ಮತ್ತೆ ಫೋನಿನಲ್ಲಿದ್ದ ಬಂಧನದ ಸುದ್ದಿಯನ್ನು ನೋಡಿ, ಹೆಚ್ಚಿನವರು ಫೋನನ್ನೇ ನಂಬಿದರು. ಕೊನೆಗೆ ಬಿಳಿ ಕಾರೊಂದು ಬಂದು ನಿಂತಿತು. ಇಳಿದವನು ಜಯಪ್ರಕಾಶ್, ಮುಂದಿನ ಚುನಾವಣೆಗೆ ನಿಲ್ಲಬೇಕೆಂದು ಎರಡು ವರ್ಷದಿಂದ ಎಲ್ಲರ ಮದುವೆ ತಿಥಿಗಳಿಗೂ ಹೋಗುತ್ತಿದ್ದ ಯುವ ಮುಖಂಡ. ಲಿಂಗಯ್ಯನ ಕಾಲು ಮುಟ್ಟಿ ನಮಸ್ಕರಿಸಿದ.

“ಅಣ್ಣ, ನಾಳೆ ಮಧ್ಯಾನದ್ ಗಂಟ ಮನೆಯಿಂದ ಆಚೆಗ್ ಬರ್ಬೇಡಿ.”

“ಯಾಕಪ್ಪ?”

“ಮಳವಳ್ಳಿಲಿ ಪ್ರತಿಭಟನೆ ಮಡಗಿದ್ದೀವಿ. ನಿಮ್ ಬಿಡುಗಡೆಗೆ.”

“ನಾನು ಇಲ್ಲೇ ಕೂತಿವ್ನಲ್ಲಪ್ಪಾ!”

“ಅದು ನಿಮ್ಗ್ ಗೊತ್ತು, ನಂಗ್ ಗೊತ್ತು. ಜನಕ್ಕೆ ನೋವಾಗೋಗದೆ ಅಣ್ಣ. ಆ ನೋವ್ಗೆ ಒಂದು ಬೆಲೆ ಬ್ಯಾಡ್ವಾ? ಶಾಮಿಯಾನದೋನ್ಗೂ ಯೋಳಾಗದೆ.”

ಬಾಗಿಲಲ್ಲಿ ನಿಂತಿದ್ದ ಇಂದ್ರಮ್ಮ, “ಅಂಗೇ ನಾಡಿದ್ದು ಇವ್ರ್ ತಿಥಿನೂ ಮಾಡ್ಬುಡಪ್ಪ, ಶಾಮಿಯಾನ ಬಿಚ್ಚೋ ಮೊದ್ಲು,” ಎಂದಳು.

ಜಯಪ್ರಕಾಶ್ ನಕ್ಕು, ಅವಳ ಕಾಲನ್ನೂ ಮುಟ್ಟಿ ಹೋದ.

ಬುಧವಾರ ಲಿಂಗಯ್ಯ ಯಾರ ಮಾತನ್ನೂ ಕೇಳದೆ ಮಳವಳ್ಳಿಗೆ ಹೋದ. ಅವನಿಗೆ ಅವನ ಫೋನು ಬೇಕಾಗಿತ್ತು. ಅದೊಂದಿದ್ದರೆ ಎರಡು ಸಾಲು ಬರೆದು ಇದನ್ನೆಲ್ಲ ನಿಲ್ಲಿಸಬಹುದೆಂದು ನಂಬಿದ್ದ. ಅಂಬರೀಶನ ಅಂಗಡಿಗೆ ಹೋಗುವ ದಾರಿಗೆ ಅಡ್ಡಲಾಗಿ ಪೊಲೀಸ್ ಠಾಣೆಯ ಮುಂದೆ ಶಾಮಿಯಾನ ನಿಂತಿತ್ತು. ಅರವತ್ತೆಪ್ಪತ್ತು ಜನ ಕೂತಿದ್ದರು. ಹಿಂದೆ ದೊಡ್ಡ ಫ್ಲೆಕ್ಸು. ಅದರಲ್ಲಿ ಹಾರ ಹಾಕಿಕೊಂಡ ಒಬ್ಬ ದಪ್ಪ ಮೀಸೆಯ, ಕೆಂಪು ಮೈಬಣ್ಣದ, ಮೂವತ್ತೈದರ ಆಸುಪಾಸಿನ ಗಂಡಸು. ಲಿಂಗಯ್ಯ ತುಂಬ ಹೊತ್ತು ನೋಡಿದ ಮೇಲೆ ಹಾರದ ಗುರುತು ಸಿಕ್ಕಿತು. ಅದು ಅವನ ನಿವೃತ್ತಿಯ ದಿನದ ಫೋಟೋ. ಯಾರೋ ಕಂಪ್ಯೂಟರಿನಲ್ಲಿ ಅವನ ವಯಸ್ಸಿಳಿಸಿ, ಮೀಸೆ ಬೆಳೆಸಿದ್ದರು.

ಟೋಪಿ ಹಾಕಿದ ಕಾರ್ಯಕರ್ತನೊಬ್ಬ ಓಡಿಬಂದು ಕೈಗೊಂದು ಫಲಕ ಕೊಟ್ಟ. “ಯಜಮಾನ್ರೆ, ಇದ್ನ ಇಡ್ಕಳಿ. ಜನ ಕಮ್ಮಿ ಅವ್ರೆ, ವಿಡಿಯೋದವ್ರು ಬರೋ ಒತ್ತು.”

ಫಲಕದ ಮೇಲೆ ‘ಲಿಂಗಯ್ಯನ ಬಂಧನ ಖಂಡಿಸಿ’ ಎಂದಿತ್ತು.

“ನಾನೇ ಲಿಂಗಯ್ಯ ಕಣಪ್ಪ,” ಎಂದ ಲಿಂಗಯ್ಯ.

ಕಾರ್ಯಕರ್ತನ ಕಣ್ಣು ಅರಳಿತು. ಅವನು ಗುಂಪಿನ ಕಡೆ ತಿರುಗಿ, “ನಾನೇ ಲಿಂಗಯ್ಯ!” ಎಂದು ಕೂಗಿದ. ಇಡೀ ಶಾಮಿಯಾನ, “ನಾನೇ ಲಿಂಗಯ್ಯ!” ಎಂದಿತು. ಘೋಷಣೆ ಎಲ್ಲರಿಗೂ ಹಿಡಿಸಿತು. ಹೆಂಗಸರೂ ಕೂಗಿದರು. ವೇದಿಕೆಯ ಮೇಲಿದ್ದ ಜಯಪ್ರಕಾಶ್ ನಿಜವಾದ ಲಿಂಗಯ್ಯನನ್ನು ನೋಡಿದ, ತಾನು ನೋಡಿದ್ದು ಲಿಂಗಯ್ಯನಿಗೆ ಗೊತ್ತಾಯಿತೆಂದೂ ತಿಳಿದ, ಮೈಕನ್ನು ಹತ್ತಿರ ಎಳೆದುಕೊಂಡು ಇನ್ನೂ ಜೋರಾಗಿ ಕೂಗಿದ.

ಇನ್‌ಸ್ಪೆಕ್ಟರ್ ಹೊರಗೆ ಬಂದು, ಆ ಹೆಸರಿನ ಯಾರನ್ನೂ ಕರೆತಂದಿಲ್ಲ, ಬೇಕಾದರೆ ಒಳಗೆ ಬಂದು ನೋಡಿ ಎಂದರು. “ನೋಡಿ, ಎಲ್ಲೋ ಬಚ್ಚಿಟ್ಟವ್ರೆ!” ಎಂದಿತು ಗುಂಪು. ಲಿಂಗಯ್ಯ ಫಲಕ ಹಿಡಿದುಕೊಂಡೇ ಅವರ ಹತ್ತಿರ ನುಗ್ಗಿದ.

“ಸಾ, ನಾನೇ ಸಾ ಲಿಂಗಯ್ಯ.”

ಇನ್‌ಸ್ಪೆಕ್ಟರ್ ಬೆವರು ಒರೆಸಿಕೊಂಡರು. “ಗೊತ್ತಾಯ್ತು ಯಜಮಾನ್ರೆ. ಬೆಳಿಗ್ಗೆಯಿಂದ ಎಪ್ಪತ್ತು ಲಿಂಗಯ್ಯಂದಿರನ್ನ ನೋಡಿದ್ದೀನಿ. ಬಿಸಿಲಿದೆ, ನೀರು ಕುಡಿದು ನೆರಳಲ್ಲಿ ಕೂತ್ಕೊಳ್ಳಿ.”

ಲಿಂಗಯ್ಯ ನೆರಳಿನಲ್ಲಿ ಕೂತ. ಯಾರೋ ಒಂದು ಪೊಟ್ಟಣ ಚಿತ್ರಾನ್ನ ಕೊಟ್ಟರು. ಹಸಿವಾಗಿತ್ತು, ತಿಂದ. ಎರಡು ಗಂಟೆಗೆ ಜಯಪ್ರಕಾಶ್ ಮನವಿ ಪತ್ರ ಕೊಟ್ಟು, ಫೋಟೋ ತೆಗೆಸಿಕೊಂಡು, ಹೋರಾಟಕ್ಕೆ ಮೊದಲ ಜಯ ಸಿಕ್ಕಿದೆ ಎಂದು ಘೋಷಿಸಿದ.

ಗಲಾಟೆಗೆ ಹೆದರಿ ಇಳಿಸಿದ್ದ ಅಂಗಡಿಯ ಬಾಗಿಲನ್ನು ಅಂಬರೀಶ ಆಗಷ್ಟೇ ಎತ್ತುತ್ತಿದ್ದ. ಬೆಳಗುತ್ತಿದ್ದ ಫೋನು ಕೈಗೆ ಬಂದಾಗ ಲಿಂಗಯ್ಯನಿಗೆ ಸಂತೋಷವಾಯಿತು.

“ಚೆನ್ನಾಗ್ ಮಾಡಿದ್ದೀಯ ಕಣಪ್ಪ.”

“ನಾನೆಲ್ಲಣ್ಣ ಮಾಡ್ಲಿ? ಬಿಚ್ಚೋ ಕೆಲ್ಸ ಎಲ್ಲಾ ನಿಮ್ಮೂರ್ ಪಾಷಣ್ಣನ್ದೇ. ಅವ್ರಂಥ ಕೈ ತಾಲ್ಲೂಕಲ್ಲೇ ಇಲ್ಲ.”

ಲಿಂಗಯ್ಯ ದುಡ್ಡು ಕೊಟ್ಟು ಬಸ್ ಸ್ಟ್ಯಾಂಡಿಗೆ ಬಂದು ಕಲ್ಲುಬೆಂಚಿನ ಮೇಲೆ ಕೂತ. ಎರಡು ಸಾವಿರಕ್ಕೂ ಹೆಚ್ಚು ಸಂದೇಶ ಬಂದು ಬಿದ್ದವು. ಅವನು ಜಾಗೃತಿ ಬಳಗದಲ್ಲಿ ಒಂದೊಂದೇ ಅಕ್ಷರ ಹುಡುಕಿ ಬರೆದ: ‘ನಾನು ಲಿಂಗಯ್ಯ. ನನ್ನನ್ನು ಯಾರೂ ಹಿಡಿದಿಲ್ಲ. ಸುದ್ದಿ ಸುಳ್ಳು.’

ತಕ್ಷಣ ಉತ್ತರ ಬಂತು. ‘ಎಲ್ಲರೂ ಎಚ್ಚರ! ಲಿಂಗಣ್ಣನ ಫೋನು ಪೊಲೀಸರ ಕೈಯಲ್ಲಿದೆ. ಅವರೇ ಬರೆಯುತ್ತಿದ್ದಾರೆ.’

ಲಿಂಗಯ್ಯ ಫೋನನ್ನು ಮುಖಕ್ಕೆ ಹಿಡಿದು, ಹಿಂದೆ ಬಸ್ಸುಗಳು ಕಾಣುವ ಹಾಗೆ ವಿಡಿಯೋ ಮಾಡಿದ. “ನೋಡ್ರಪ್ಪ, ನಾನೇ, ಮಳವಳ್ಳಿ ಬಸ್ ಸ್ಟ್ಯಾಂಡಲ್ಲಿ ಕೂತಿವ್ನಿ” ಎಂದ.

‘ಇದು ಎಐ ವಿಡಿಯೋ,’ ಎಂದು ಒಬ್ಬ ಬರೆದ. ‘ಕಿವಿ ಗಮನಿಸಿ. ಒಂದು ದೊಡ್ಡದು, ಒಂದು ಚಿಕ್ಕದು.’ ನಲವತ್ತು ಜನ ಅದಕ್ಕೆ ಹೆಬ್ಬೆಟ್ಟು ಎತ್ತಿದರು. ಇನ್ನೊಬ್ಬ ಅಡ್ಮಿನ್ ಲಿಂಗಯ್ಯನನ್ನು ಗುಂಪಿನಿಂದ ತೆಗೆದುಹಾಕಿದ. ಲಿಂಗಯ್ಯ ಎದ್ದು ಹೋಗಿ, ನಿಂತಿದ್ದ ಬಸ್ಸಿನ ಪಕ್ಕದ ಕನ್ನಡಿಯಲ್ಲಿ ಮುಖ ನೋಡಿಕೊಂಡ. ಎಡಗಿವಿ ನಿಜಕ್ಕೂ ದೊಡ್ಡದಿತ್ತು. ಅರವತ್ತೆರಡು ವರ್ಷ ಅವನು ಅದನ್ನು ಗಮನಿಸಿರಲಿಲ್ಲ.

ಕಿರುಗಾವಲಿನಲ್ಲಿ ಇಳಿದವನು ಸೀದಾ ರಸ್ತೆ ದಾಟಿ ಪಾಷಾನ ಅಂಗಡಿಗೆ ಹೋದ.

“ಪಾಷಾ, ನಾನ್ಯಾರ್ಲಾ?”

ಪಾಷಾ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದ. “ಲಿಂಗಣ್ಣ. ಯಾಕೆ?”

ಲಿಂಗಯ್ಯ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತ. ಎರಡು ದಿನದಲ್ಲಿ ಅವನನ್ನು ಅವನೇ ಎಂದು ಒಪ್ಪಿದವರು ಹೆಂಡತಿ ಬಿಟ್ಟರೆ ಇವನೊಬ್ಬನೇ. ನಡೆದದ್ದನ್ನೆಲ್ಲ ಹೇಳಿದ. ಫಲಕ ಹಿಡಿದು ನಿಂತ ಮಾತು ಬಂದಾಗ ಪಾಷಾ ನಗು ತಡೆಯಲಾರದೆ ಮೇಜಿನ ಕೆಳಗೆ ಏನೋ ಹುಡುಕುವವನಂತೆ ಬಗ್ಗಿದ. ಎದ್ದಾಗ ಮುಖ ಸಪ್ಪಗಾಗಿತ್ತು.

“ಅಣ್ಣ, ಅದ್ನ ಅಳ್ಸಿದ್ದು ನಾನೇ. ಕೇಳ್ದೆ ಮುಟ್ಟಬಾರ್ದಿತ್ತು.”

“ನಾನು ಓದ್ದೆ ಕಳ್ಸಬಾರ್ದಿತ್ತು ಬುಡು,” ಎಂದ ಲಿಂಗಯ್ಯ. ಮೂರು ದಿನದಿಂದ ಗಂಟಲಲ್ಲಿದ್ದ ಮಾತು ಹೀಗೆ ಅಡ್ಡದಾರಿಯಲ್ಲಿ ಹೊರಬಂತು. ಆಮೇಲೆ ಕೇಳಿದ, “ಯಾರಾದ್ರೂ ಅಂಗ್ಡಿಗ್ ಬರೋದ್ ಬುಟ್ರಾ?”

ಪಾಷಾ ಸ್ಕ್ರೂಡ್ರೈವರನ್ನು ಬೆರಳಲ್ಲಿ ತಿರುಗಿಸಿದ. “ಊರ್ನೋರು ಬತ್ತಾವ್ರೆ. ಪೂರಿಗಾಲಿ ಟ್ಯೂಷನ್ ಮೇಷ್ಟ್ರು ಅವ್ರಲ್ಲ, ಶಶಿಧರ್, ಟ್ಯಾಬು ಕೊಟ್ಟಿದ್ರು. ಸೋಮ್ವಾರ ಮಧ್ಯಾನ ಬಂದು ವಾಪಸ್ ತಗಂಡೋದ್ರು. ಬಿಚ್ಚಿಟ್ಟಿದ್ದೆ, ಅಂಗೇ ಕಟ್ಟಿಸ್ಕಂಡೋದ್ರು. ಓಗ್ಲಿ ಬುಡಿ ಅಂದ್ರೆ, ಕಟ್ಟೋ ಮೊದ್ಲು ಬಗ್ಗಿ ಒಳ್ಗೆಲ್ಲ ನೋಡುದ್ರು ಅಣ್ಣ. ಚಿಪ್ಪಿಟ್ಟಿವ್ನಾ ಅಂತ.”

ಲಿಂಗಯ್ಯ ಮೇಷ್ಟ್ರ ಮನೆ ಯಾವ ಬೀದಿಯೆಂದು ಕೇಳಿಕೊಂಡು ಎದ್ದ.

ಗುರುವಾರ ಬೆಳಿಗ್ಗೆ ಅವನು ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಪೂರಿಗಾಲಿಗೆ ಹೋದ. ಶಶಿಧರ್ ಬಾಗಿಲು ತೆರೆದು ಒಂದು ಹೆಜ್ಜೆ ಹಿಂದಕ್ಕಿಟ್ಟ.

“ಲಿಂಗಯ್ಯನವ್ರೇ? ಬಿಟ್ರಾ ನಿಮ್ಮನ್ನ?”

“ಇಡುದ್ರೆ ತಾನೇ ಬುಡೋದು? ಮೇಷ್ಟ್ರೇ, ಆ ಪಾಷಾನ್ ಅಂಗ್ಡಿ ಸುದ್ದಿ ಸುಳ್ಳು. ಚಿಪ್ಪೂ ಇಲ್ಲ, ಗಿಪ್ಪೂ ಇಲ್ಲ.”

“ಸುಳ್ಳಾ? ನೀವೇ ಕಳ್ಸಿದ್ದಲ್ವಾ? ಹಿರಿಯರು, ಗುರುತಿರೋರು ಕಳ್ಸಿದ್ದಾರಲ್ಲ ಅಂತ್ಲೇ ನಾನು ನಂಬಿದ್ದು.”

“ನಾನು ಓದಿರ್ಲಿಲ್ಲ.”

ಶಶಿಧರ್ ಅವನ ಮುಖವನ್ನೇ ನೋಡಿದ. ಓದದೆ ಬಂದು ಹೀಗೆ ನೇರವಾಗಿ ಒಪ್ಪಿಕೊಳ್ಳುವ ವಿದ್ಯಾರ್ಥಿಯನ್ನು ಅವನು ಕಂಡಿರಲಿಲ್ಲವೇನೋ. “ಸರಿ, ಸುಳ್ಳು ಅನ್ನೋದಕ್ಕೆ ಏನಾದ್ರೂ ಲಿಂಕ್ ಇದ್ರೆ ಕಳ್ಸಿ, ನೋಡ್ತೀನಿ,” ಎಂದ.

“ಲಿಂಕು ಇಲ್ಲ ಮೇಷ್ಟ್ರೇ. ನಾನೇ ಬಂದಿವ್ನಿ.”

ಇಬ್ಬರೂ ಬಾಗಿಲಲ್ಲಿ ನಿಂತೇ ಇದ್ದರು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದವು. ಆಮೇಲೆ ಶಶಿಧರ್ ಒಳಗೆ ಹೋಗಿ, ರಟ್ಟಿನ ಪೆಟ್ಟಿಗೆಯಲ್ಲಿ ಬಿಚ್ಚಿದ ಹಾಗೇ ಇದ್ದ ಟ್ಯಾಬನ್ನು ತಂದುಕೊಟ್ಟ. ಲಿಂಗಯ್ಯ ಅದನ್ನು ಎರಡು ಬಸ್ಸಿನಲ್ಲೂ ತೊಡೆಯ ಮೇಲೆ ಇಟ್ಟುಕೊಂಡು ಬಂದು ಪಾಷಾನ ಮೇಜಿನ ಮೇಲಿಟ್ಟ. ಪಾಷಾ ಪೆಟ್ಟಿಗೆ ತೆರೆದು ಸ್ಕ್ರೂಗಳನ್ನು ಎಣಿಸಿದ, ಎಲ್ಲ ಇದ್ದವು.

“ಇನ್ಯಾರ್ಲಾ?”

“ಬುಡಿ ಅಣ್ಣ.”

“ಯೋಳ್ಲಾ.”

“ಆತಗೂರಿನ ಮಲ್ಲಿಗಮ್ಮ ಅಂತ, ಟೈಲರು. ಈ ವಾರ ಫೋನ್ ತತ್ತೀನಿ ಅಂದಿದ್ರು. ಈ ಮೆಸೇಜು ಬಂದ್ಮೇಲೆ ಬರಾಕಿಲ್ಲ ಅಂದ್ರು. ಅಷ್ಟ್ ದೂರ ನೀವ್ಯಾಕೆ...”

ಶುಕ್ರವಾರ ಬೆಳಿಗ್ಗೆ ಲಿಂಗಯ್ಯ ಮದ್ದೂರಿನ ಕಡೆಯ ಆತಗೂರಿಗೆ ಹೋಗಲು ಅಂಗಿ ತೊಟ್ಟು ಹೊರಬಂದಾಗ, ಇಂದ್ರಮ್ಮ ಒಗೆದ ಸೀರೆಯುಟ್ಟು, ಬ್ಯಾಗು ಹಿಡಿದು ಜಗುಲಿಯಲ್ಲಿ ನಿಂತಿದ್ದಳು.

“ನೀನೆಲ್ಲಿಗೆ?”

“ಒಬ್ರೇ ಓದ್ರೆ ಯಾರ್ ನಂಬ್ತಾರೆ? ಇವ್ರೇ ಲಿಂಗಯ್ಯ ಅನ್ನಾಕಾದ್ರೂ ಒಬ್ರು ಬ್ಯಾಡ್ವಾ?” ಎಂದು ಅವಳು ಚಪ್ಪಲಿ ಮೆಟ್ಟಿ ಮುಂದೆ ನಡೆದಳು. ಬಸ್ಸು ಆಗಲೇ ತಿರುವಿನಲ್ಲಿ ಹಾರನ್ ಮಾಡುತ್ತಿತ್ತು. ಲಿಂಗಯ್ಯ ಬಾಗಿಲಿಗೆ ಬೀಗ ಹಾಕಿ ಅವಳ ಹಿಂದೆ ಓಡಿದ.